ಬೆರಳಿಗೆ ತಾಗುವ ಶುಭಾಶಯ ಪತ್ರ: ಯಾವ ಕಾರ್ಡಿಗೆ ಯಾವ ಉಬ್ಬು?

ಕೈಯಾರೆ ಮಾಡಿದ ಕಾರ್ಡನ್ನು ಯಾರಿಗೇ ಕೊಡಿ, ಓದುವ ಮೊದಲೇ ಅವರ ಹೆಬ್ಬೆರಳು ಅದರ ಮೇಲೆ ಓಡಾಡಿರುತ್ತದೆ. ಮೇಲೆದ್ದ ಹೂವಿನ ಎಸಳು, ಉಬ್ಬಿದ ಅಕ್ಷರ, ಬಟ್ಟೆಯ ಒರಟು ಬೆರಳಿಗೆ ಸಿಕ್ಕರೆ ಅದು ಅಚ್ಚು ಹಾಕಿದ ಕಾರ್ಡಲ್ಲ ಎಂದು ಆಗಲೇ ಗೊತ್ತಾಗುತ್ತದೆ. ಈ ಉಬ್ಬನ್ನು ಎಬ್ಬಿಸಲು ಆರೇಳು ದಾರಿಗಳಿವೆ. ವಿಡಿಯೋದಲ್ಲಿ ಚೆಂದ ಕಂಡಿತೆಂದು ಯಾವುದೋ ಒಂದಕ್ಕೆ ಸಾಮಾನು ತರಿಸಿದರೆ ಅರ್ಧ ಸಾಮಾನು ಮೂಲೆ ಸೇರುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಕೂತು ಮಾಡುವವರಿಗೆ ಇನ್ನೊಂದು ತೊಡಕಿದೆ. ಇಂಥ ಕೆಲಸದ ಸೂಚನೆಗಳಲ್ಲಿ ಬಹುಪಾಲು ತಂಪು ಸೀಮೆಯವರು ಬರೆದವು. ನಮ್ಮ ಮಾರ್ಚ್ ತಿಂಗಳ ಒಣ ಗಾಳಿಯಲ್ಲಿ ಅದೇ ಕಾಗದ, ಅದೇ ಅಂಟು, ಅದೇ ಪುಡಿ ಬೇರೆಯದೇ ರೀತಿ ನಡೆದುಕೊಳ್ಳುತ್ತವೆ.

ಹಾಗಾಗಿ ಚಿತ್ತಾರ ಯಾವುದು ಎಂದು ಯೋಚಿಸುವ ಮೊದಲು ಮೂರು ಮಾತು ನಿಕ್ಕಿ ಮಾಡಿಕೊಳ್ಳಿ. ಎಷ್ಟು ಕಾರ್ಡು ಬೇಕು? ಕೈಯಲ್ಲಿ ಕೊಡುವುದೋ ಅಂಚೆಗೆ ಹಾಕುವುದೋ? ಯಾವ ತಿಂಗಳಲ್ಲಿ ಮಾಡುತ್ತಿದ್ದೀರಿ? ಈ ಮೂರಕ್ಕೆ ಉತ್ತರ ಸಿಕ್ಕರೆ ವಿಧಾನ ಅರ್ಧ ಆಯ್ಕೆಯಾದಂತೆ. ಉಳಿದರ್ಧವನ್ನು ಕಾಗದ ನಿರ್ಧರಿಸುತ್ತದೆ.

ಮೊದಲು ಕಾಗದ

ಎ4 ಹಾಳೆಯನ್ನು ಅಡ್ಡಕ್ಕೆ ಎರಡು ಮಾಡಿ, ಒಂದೊಂದು ತುಂಡನ್ನೂ ನಡುವೆ ಮಡಚಿದರೆ 105×148 ಮಿ.ಮೀ. ಕಾರ್ಡು ಸಿಗುತ್ತದೆ. ಅದಕ್ಕೆ 114×162 ಮಿ.ಮೀ. ಲಕೋಟೆ ಸರಿಹೊಂದುತ್ತದೆ. ಹೊಸಬರಿಗೆ ಇದೇ ಅಳತೆ ಒಳ್ಳೆಯದು, ಹಾಳೆ ದಂಡವಾಗುವುದಿಲ್ಲ.

ಸ್ಟೇಷನರಿ ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಚಾರ್ಟ್ ಶೀಟ್ ಉಬ್ಬಿನ ಕೆಲಸಕ್ಕೆ ಆಗುವುದಿಲ್ಲ. ಅದರ ನಾರು ಗಿಡ್ಡ, ಒತ್ತಿದರೆ ಹಿಗ್ಗುವ ಬದಲು ಬಿರಿಯುತ್ತದೆ. 130ರಿಂದ 150 ಜಿ.ಎಸ್.ಎಂ. (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಡ್ರಾಯಿಂಗ್ ಶೀಟ್ ಕೈಯಿಂದ ಒತ್ತುವ ಉಬ್ಬಿಗೆ ಸಾಕು, ಆದರೆ ನೀರಿನಂಶದ ಪೇಸ್ಟ್ ತಾಳಲಾರದು. 250ರಿಂದ 300 ಜಿ.ಎಸ್.ಎಂ. ಐವರಿ ಕಾರ್ಡು ಪೇಸ್ಟಿಗೆ, ಕಸೂತಿಗೆ, ಬಟ್ಟೆ ಅಂಟಿಸಲು ಗಟ್ಟಿ ಆಧಾರ. ಹತ್ತಿ ಚಿಂದಿಯಿಂದ ಮಾಡಿದ ಹ್ಯಾಂಡ್‌ಮೇಡ್ ಕಾಗದದ ನಾರು ಉದ್ದವಾಗಿರುವುದರಿಂದ ಎಲ್ಲಕ್ಕಿಂತ ಆಳವಾದ ಉಬ್ಬನ್ನು ಹರಿಯದೆ ತಾಳುತ್ತದೆ. ಅದರ ಮೈ ಒರಟು, ಹಾಗಾಗಿ ಸಣ್ಣ ಅಕ್ಷರದ ಸೀಲು ಅದರ ಮೇಲೆ ಸ್ಪಷ್ಟವಾಗಿ ಮೂಡುವುದಿಲ್ಲ. ಲಗ್ನಪತ್ರಿಕೆ ಅಚ್ಚು ಮಾಡುವ ಪ್ರೆಸ್‌ಗಳಲ್ಲಿ ಕತ್ತರಿಸಿ ಉಳಿದ ದಪ್ಪ ಕಾಗದದ ಪಟ್ಟಿಗಳಿರುತ್ತವೆ. ಕೇಳಿ ನೋಡಿ, ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಕಾಗದ ಬೇಡ.

ಕಾಗದಕ್ಕೂ ಕಟ್ಟಿಗೆಯ ಹಾಗೆ ನಾರಿನ ದಿಕ್ಕಿದೆ. ಹಾಳೆಯನ್ನು ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಮೆಲ್ಲಗೆ ಬಾಗಿಸಿ. ಯಾವ ಕಡೆ ಸಲೀಸಾಗಿ ಬಾಗುತ್ತದೋ ಆ ಬಾಗಿನ ಗೆರೆಗೆ ಸಮಾನಾಂತರವಾಗಿ ನಾರು ಓಡುತ್ತಿದೆ ಎಂದರ್ಥ. ಕಾರ್ಡಿನ ಮಡಿಕೆಯೂ ಅದೇ ದಿಕ್ಕಿಗಿರಬೇಕು. ನಾರಿಗೆ ಅಡ್ಡವಾಗಿ ಮಡಚಿದ 300 ಜಿ.ಎಸ್.ಎಂ. ಕಾರ್ಡು ಬೇಸಿಗೆಯಲ್ಲಿ ಬೆನ್ನುದ್ದಕ್ಕೂ ಸೀಳಿ ಒಳಗಿನ ಬಿಳಿ ಕಾಣಿಸುತ್ತದೆ. ಮಡಚುವ ಮೊದಲು ಸ್ಕೇಲ್ ಇಟ್ಟು, ಇಂಕು ತೀರಿದ ಬಾಲ್‌ಪೆನ್ನಿನಿಂದ ಗೆರೆ ಒತ್ತಿ. ಒತ್ತಿದ ಕಡೆ ತಗ್ಗು, ಹಿಂದೆ ಸಣ್ಣ ಏರು ಬರುತ್ತದೆ. ಆ ಏರು ಮಡಿಕೆಯ ಒಳಗೆ ಬರುವಂತೆ ಮಡಚಬೇಕು. ಬಹಳ ಜನ ತಗ್ಗಿನ ಕಡೆಗೇ ಮಡಚುತ್ತಾರೆ, ಅಲ್ಲೇ ಕಾಗದ ಬಿರಿಯುವುದು.

ಫೆಬ್ರವರಿ ಕಳೆದ ಮೇಲೆ ಕಾಗದದೊಳಗಿನ ತೇವ ಇಳಿದು ಅದು ಪೆಡಸಾಗುತ್ತದೆ. ಉಬ್ಬು ಮಾಡುವ ಹಿಂದಿನ ರಾತ್ರಿ ಹಾಳೆಗಳನ್ನು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಒಂದು ಬಟ್ಟಲಲ್ಲಿ ಹಿಂಡಿದ ಒದ್ದೆ ಬಟ್ಟೆಯನ್ನು ಕಾಗದಕ್ಕೆ ತಾಗದಂತೆ ಪಕ್ಕದಲ್ಲಿಟ್ಟು ಮುಚ್ಚಿ. ಬೆಳಗ್ಗೆ ಹಾಳೆ ಮೆದುವಾಗಿರುತ್ತದೆ. ಮಳೆಗಾಲದಲ್ಲಿ ಇದರ ಗೊಡವೆ ಬೇಡ.

ಯಾವ ವಿಧಾನವೇ ಇರಲಿ, ಚಿತ್ತಾರವನ್ನು ಕಾರ್ಡಿನ ಮೇಲೆ ನೇರವಾಗಿ ಮಾಡಬೇಡಿ. 95×138 ಮಿ.ಮೀ.ನ ಬೇರೆ ತುಂಡಿನ ಮೇಲೆ ಮಾಡಿ, ಒಣಗಿ ನೆಟ್ಟಗಾದ ಮೇಲೆ ಕಾರ್ಡಿಗೆ ಅಂಟಿಸಿ. ಸುತ್ತ 5 ಮಿ.ಮೀ. ಅಂಚು ಉಳಿಯುತ್ತದೆ. ಕೆಟ್ಟರೆ ಆ ತುಂಡು ಮಾತ್ರ ಕೆಡುತ್ತದೆ. ಹಿಂಬದಿಯ ತಗ್ಗು, ಗಂಟು, ಅಂಟಿನ ಕಲೆ ಮುಚ್ಚಿಹೋಗುತ್ತವೆ. ಒಳಪುಟ ಬರೆಯಲು ನುಣುಪಾಗಿ ಉಳಿಯುತ್ತದೆ. ಈ ತುಂಡನ್ನು ಮುಂದೆ ಹಲಗೆ ಎಂದು ಕರೆಯುತ್ತೇವೆ.

ಒತ್ತಿ ಎಬ್ಬಿಸುವುದು: ಕೈಯಿಂದ ಅಥವಾ ಯಂತ್ರದಿಂದ

ಬಣ್ಣವಿಲ್ಲ, ಅಂಟಿಲ್ಲ, ಕಾಗದವನ್ನೇ ಹಿಗ್ಗಿಸಿ ಎಬ್ಬಿಸುವ ಈ ಕೆಲಸಕ್ಕೆ ಡ್ರೈ ಎಂಬಾಸಿಂಗ್ ಎನ್ನುತ್ತಾರೆ. ಮೊದಲು ಕಲಿಯಬೇಕಾದದ್ದು ಇದೇ. ಖರ್ಚು ಕಡಿಮೆ, ಕರೆಂಟ್ ಬೇಡ, ಒಣಗಲು ಕಾಯಬೇಕಿಲ್ಲ, ಅಂಚೆಯಲ್ಲಿ ತೂಕ ಹೆಚ್ಚುವುದಿಲ್ಲ.

ಬೇಕಾದದ್ದು ಒಂದು ಸ್ಟೆನ್ಸಿಲ್ (ಚಿತ್ತಾರದ ಆಕಾರ ಕತ್ತರಿಸಿ ತೆಗೆದ ಹಾಳೆ) ಮತ್ತು ತುದಿ ಗುಂಡಗಿರುವ ಒತ್ತುಕಡ್ಡಿ. ಒತ್ತುಕಡ್ಡಿಯ ಗುಂಡು 3 ಮಿ.ಮೀ.ನದೊಂದು, 1.5 ಮಿ.ಮೀ.ನದೊಂದು ಇದ್ದರೆ ಸಾಕು. ಅದಿಲ್ಲದಿದ್ದರೆ ಉಣ್ಣೆ ಹೆಣೆಯುವ ಕಡ್ಡಿಯ ತುದಿ ದೊಡ್ಡದಕ್ಕೆ, ಇಂಕು ತೀರಿದ ರೀಫಿಲ್ ಸಣ್ಣದಕ್ಕೆ ಆಗುತ್ತದೆ. ಸ್ಟೆನ್ಸಿಲ್‌ಗೆ ಹಳೆಯ ಎಕ್ಸ್‌ರೇ ಹಾಳೆ ಚೆನ್ನ. ಬ್ಲೀಚಿಂಗ್ ಪುಡಿ ಕರಗಿಸಿದ ನೀರಲ್ಲಿ ನೆನೆಸಿ, ಕೈಗವಸು ಹಾಕಿಕೊಂಡು ಉಜ್ಜಿದರೆ ಕಪ್ಪು ಪದರ ಬಿಟ್ಟು ಪಾರದರ್ಶಕವಾಗುತ್ತದೆ. ಒಂದೇ ಹಾಳೆಯ ದಪ್ಪ ಸಾಲದು, ಉಬ್ಬು ಕಂಡೂ ಕಾಣದಂತೆ ಬರುತ್ತದೆ. ಎರಡನ್ನು ಅಂಟಿಸಿ ಒಟ್ಟಿಗೆ ಕತ್ತರಿಸಿ. ಸಂತೆಯಲ್ಲಿ ಮಾರುವ ಪ್ಲಾಸ್ಟಿಕ್ ರಂಗೋಲಿ ಅಚ್ಚುಗಳೂ ನಡೆಯುತ್ತವೆ. ಅವುಗಳ ದಪ್ಪ ಸರಿಯಾಗಿರುತ್ತದೆ, ತೂತುಗಳು ಚುಕ್ಕಿಚುಕ್ಕಿಯಾಗಿ ಮೇಲೆದ್ದು ಅಂಗಳದ ರಂಗೋಲಿಯೇ ಕಾರ್ಡಿಗೆ ಬಂದಂತಿರುತ್ತದೆ.

ಸ್ಟೆನ್ಸಿಲನ್ನು ಕಿಟಕಿಯ ಗಾಜಿಗೆ ಪೇಪರ್ ಟೇಪಿನಿಂದ ಹಚ್ಚಿ. ಹಲಗೆಯ ಮುಂಭಾಗ ಸ್ಟೆನ್ಸಿಲ್ ಕಡೆಗಿರುವಂತೆ ಅದರ ಮೇಲೆ ಹಚ್ಚಿ. ಬೆಳಕಿನಲ್ಲಿ ಆಕಾರ ಕಾಣುತ್ತದೆ. ಒತ್ತುಕಡ್ಡಿಯ ಗುಂಡನ್ನು ಮೇಣದ ಬತ್ತಿಗೆ ಒಮ್ಮೆ ತೀಡಿ, ದೊಡ್ಡ ಗುಂಡಿನಿಂದ ಹಗುರಾಗಿ ಒಂದು ಸುತ್ತು, ಆಮೇಲೆ ಸಣ್ಣದರಿಂದ ಅಂಚಿಗೆ ಒತ್ತಿ ಇನ್ನೊಂದು ಸುತ್ತು ಹೋಗಿ. ಅಂಚನ್ನು ಮಾತ್ರ ಒತ್ತಬೇಕು. ನಡುಭಾಗ ತಾನೇ ಏಳುತ್ತದೆ, ಅಲ್ಲೂ ಉಜ್ಜಿದರೆ ಕಾಗದ ಹೊಳಪಾಗಿ ಕಲೆ ಬೀಳುತ್ತದೆ. ಒಂದೇ ಏಟಿಗೆ ಪೂರ್ತಿ ಆಳಕ್ಕೆ ಹೋದವರ ಕಾಗದ ಹರಿಯುತ್ತದೆ, ಎರಡು ಮೂರು ಸುತ್ತಿನಲ್ಲಿ ಹೋದವರದ್ದು ಉಳಿಯುತ್ತದೆ. ಎರಡು ಆಕಾರಗಳ ನಡುವೆ ಕನಿಷ್ಠ 4 ಮಿ.ಮೀ. ಜಾಗ ಬಿಡಿ. ಹತ್ತಿರವಾದರೆ ಹಿಗ್ಗಲು ಕಾಗದವೇ ಇರದೆ ನಡುವೆ ಸುಕ್ಕು ಏಳುತ್ತದೆ.

ಸ್ಟೆನ್ಸಿಲ್ ಇಲ್ಲದೆ ಬಳ್ಳಿಯನ್ನೋ ಎಲೆಯನ್ನೋ ಕೈಬರಹದಂತೆ ಎಬ್ಬಿಸಬೇಕೆಂದರೆ ಗಾಜು ಬೇಡ, ಮೆತ್ತಗಿನ ಆಧಾರ ಬೇಕು. ಜೀನ್ಸ್ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಕೆಳಗಿಟ್ಟರೆ ಹದವಾಗಿ ಒತ್ತಿಕೊಳ್ಳುತ್ತದೆ. ಜೀನ್ಸ್ ಹೊಲಿಯುವ ಬಳ್ಳಾರಿಯಲ್ಲಿ ಅದಕ್ಕೇನು ಬರವಿಲ್ಲ.

ಕನ್ನಡ ಅಕ್ಷರಕ್ಕೆ ಬಂದಾಗ ಸ್ವಲ್ಪ ನಿಧಾನಿಸಬೇಕು. ‘ಸಂಕ್ರಾಂತಿ’ ಎಂಬ ಒಂದೇ ಪದದಲ್ಲಿ ಎರಡು ಸೊನ್ನೆ. ಸ್ಟೆನ್ಸಿಲ್‌ನಲ್ಲಿ ಸೊನ್ನೆಯನ್ನು ಸುತ್ತ ಕತ್ತರಿಸಿದರೆ ನಡುವಿನ ಬಿಲ್ಲೆ ಉದುರಿ ಬಿದ್ದು ಬರೀ ತೂತು ಉಳಿಯುತ್ತದೆ. ಮೇಲೊಂದು ಕೆಳಗೊಂದು 1.5 ಮಿ.ಮೀ. ಅಗಲದ ಸೇತುವೆ ಬಿಟ್ಟೇ ಕತ್ತರಿಸಬೇಕು. ‘ಠ’ ಬಂದರೆ ಒಳಗಿನ ಚುಕ್ಕಿಗೂ ದಾರಿ ಬೇಕು. ಅಕ್ಷರದ ಎತ್ತರ 12 ಮಿ.ಮೀ.ಗಿಂತ ಕಡಿಮೆಯಾದರೆ ಒತ್ತಕ್ಷರದ ಸಂದಿಯಲ್ಲಿ ಒತ್ತುಕಡ್ಡಿ ತಿರುಗುವುದಿಲ್ಲ, ‘ಕ್ರಾಂ’ ಹೋಗಿ ಮುದ್ದೆಯಾಗುತ್ತದೆ. ಸ್ಟೆನ್ಸಿಲ್ ಇಲ್ಲದೆ ಹಿಂದಿನಿಂದ ಬರೆಯುವವರು ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯಬೇಕೆಂಬುದನ್ನು ಮರೆಯಬಾರದು. ಅಂಧರು ಬಳಸುವ ಬ್ರೈಲ್ ಸ್ಲೇಟಿನಲ್ಲೂ ಹೀಗೆಯೇ, ಬಲದಿಂದ ಎಡಕ್ಕೆ ಚುಚ್ಚಿ ತಿರುಗಿಸಿ ಓದುತ್ತಾರೆ. ಕಣ್ಣು ಕಾಣದ ಗೆಳೆಯರಿಗೆ ಕಾರ್ಡು ಮಾಡುವುದಾದರೆ ಆ ಸ್ಲೇಟೇ ನಿಮ್ಮ ಎಂಬಾಸಿಂಗ್ ಉಪಕರಣ. ಹೂಬಳ್ಳಿಯ ಉಬ್ಬಿನ ಪಕ್ಕದಲ್ಲಿ ಅವರ ಹೆಸರನ್ನು ಅವರೇ ಓದಿಕೊಳ್ಳುತ್ತಾರೆ.

ಕೈಯಿಂದ ಒಂದು ಹಲಗೆಗೆ ಅರ್ಧ ಗಂಟೆ ಹಿಡಿಯುತ್ತದೆ. ಹದಿನೈದಿಪ್ಪತ್ತು ಕಾರ್ಡು ದಾಟಿದರೆ ಬೆರಳು ಸೋಲುತ್ತದೆ. ಅಲ್ಲಿಂದ ಮುಂದೆ ಕೈಯಿಂದ ತಿರುಗಿಸುವ ರೋಲರ್ ಯಂತ್ರದ ಮಾತು. ಚಿತ್ತಾರ ಕೊರೆದ ಪ್ಲಾಸ್ಟಿಕ್ ಫೋಲ್ಡರಿನೊಳಗೆ ಕಾಗದವಿಟ್ಟು ರೋಲರ್ ನಡುವೆ ಹಾಯಿಸಿದರೆ ಅರ್ಧ ನಿಮಿಷದಲ್ಲಿ ಇಡೀ ಹಲಗೆ ತುಂಬ ಉಬ್ಬು. ಫೋಲ್ಡರುಗಳಲ್ಲಿ ಹೆಚ್ಚಿನವು ಅಮೆರಿಕದ ಕಾರ್ಡಿನ ಅಳತೆಗೆ, ಅಂದರೆ 4.25×5.5 ಇಂಚಿಗೆ, ಸುಮಾರು 108×140 ಮಿ.ಮೀ.ಗೆ ಮಾಡಿದವು. ನಮ್ಮ 148 ಮಿ.ಮೀ. ಕಾರ್ಡನ್ನು ನೇರವಾಗಿ ಇಟ್ಟರೆ ತುದಿ ಬೋಳಾಗಿ ಉಳಿಯುತ್ತದೆ. ಮೇಲೆ ಹೇಳಿದ 95×138ರ ಹಲಗೆ ಮಾತ್ರ ಸರಿಯಾಗಿ ಕೂರುತ್ತದೆ.

ಯಂತ್ರದಲ್ಲಿ ಕಾಗದ ಬಿರಿದರೆ ಒಣಗಿದ್ದು ಹೆಚ್ಚಾಗಿದೆ ಎಂದು ತಿಳಿಯಿರಿ. ಒಂದಡಿ ದೂರದಿಂದ ನೀರನ್ನು ಒಂದೇ ಸಲ ಮಂಜಿನಂತೆ ಸಿಂಪಡಿಸಿ, ಅರೆ ನಿಮಿಷ ಬಿಟ್ಟು ಹಾಯಿಸಿ. ಇಂಕ್‌ಜೆಟ್ ಪ್ರಿಂಟರಿನಿಂದ ಮುದ್ರಿಸಿದ ಹಾಳೆಗೆ ಈ ಉಪಾಯ ಬೇಡ, ಬಣ್ಣ ಹರಡುತ್ತದೆ. ಉಬ್ಬು ಮಂಕಾಗಿ ಬಂದರೆ ಫೋಲ್ಡರಿನ ಮೇಲೆ ಒಂದು ಐವರಿ ಹಾಳೆ ಸೇರಿಸಿ, ಹಿಡಿ ತಿರುಗದಿದ್ದರೆ ಬಲ ಹಾಕದೆ ತೆಗೆದುಬಿಡಿ. ಮೇಲಿನ ಪ್ಲಾಸ್ಟಿಕ್ ಫಲಕ ಒಂದೇ ಕಡೆಗೆ ಬಾಗುತ್ತ ಹೋಗುತ್ತದೆ, ಪ್ರತಿ ಸಲ ಮಗುಚಿ ಹಾಕಿದರೆ ಬಹುಕಾಲ ಬಾಳುತ್ತದೆ. ಯಂತ್ರದ ನಿಜವಾದ ಕೊರತೆ ಬೇರೆ. ಸಿದ್ಧ ಫೋಲ್ಡರುಗಳಲ್ಲಿ ಗುಲಾಬಿ, ಇಟ್ಟಿಗೆ ಗೋಡೆ, ಹಿಮದ ಹರಳು ಇರುತ್ತವೆ, ಬೇವಿನ ಎಸಳು, ತೋರಣ, ಕನ್ನಡ ಅಕ್ಷರ ಸಿಗುವುದು ಅಪರೂಪ. ಅದಕ್ಕೆ ದಪ್ಪ ರಟ್ಟಿನಲ್ಲಿ ಆಕಾರ ಕತ್ತರಿಸಿ, ಅದರ ಮೇಲೆ ಕಾಗದ, ಕಾಗದದ ಮೇಲೆ ತೆಳು ರಬ್ಬರ್ ಹಾಳೆ ಇಟ್ಟು ಹಾಯಿಸಿದರೆ ನಿಮ್ಮದೇ ಚಿತ್ತಾರ ಏಳುತ್ತದೆ. ಇಷ್ಟು ಮಾಡುವ ಮನಸ್ಸಿಲ್ಲದವರು ಯಂತ್ರಕ್ಕೆ ದುಡ್ಡು ಹಾಕದಿರುವುದೇ ಲೇಸು.

ಪುಡಿ ಕರಗಿಸಿ ಎಬ್ಬಿಸುವುದು

ಬಂಗಾರ, ಬೆಳ್ಳಿ ಬಣ್ಣದಲ್ಲಿ ಹೊಳೆಯುವ ಉಬ್ಬು ಅಕ್ಷರ ಬೇಕೆಂದರೆ ಎಂಬಾಸಿಂಗ್ ಪುಡಿಯೇ ಬೇಕು. ಒದ್ದೆ ಇಂಕಿನಲ್ಲಿ ಸೀಲು ಒತ್ತಿ, ಮೇಲೆ ಪುಡಿ ಉದುರಿಸಿ, ಹೆಚ್ಚಿನದನ್ನು ಕೊಡವಿ, ಬಿಸಿಗಾಳಿ ಊದುವ ಹೀಟ್ ಗನ್ನಿನಿಂದ ಕರಗಿಸುವುದು ಇದರ ಕ್ರಮ. ಉಬ್ಬಿನ ಎತ್ತರ ಕಡಿಮೆ, ಆದರೆ ಅಂಚು ಬಲು ಚೂಪು. ರಬ್ಬರ್ ಸ್ಟ್ಯಾಂಪ್ ಮಾಡಿಕೊಡುವವರ ಬಳಿ ‘ಯುಗಾದಿ ಶುಭಾಶಯಗಳು’ ಎಂದು ಒಂದು ಸೀಲು ಮಾಡಿಸಿಕೊಂಡರೆ ನೂರಾರು ಕಾರ್ಡಿಗೆ ಅಕ್ಷರದ ಚಿಂತೆ ತೀರಿತು.

ಕಚೇರಿಯ ಸ್ಟ್ಯಾಂಪ್ ಪ್ಯಾಡಿನ ಇಂಕು ಬೇಗ ಆರುತ್ತದೆ, ನಮ್ಮ ಬೇಸಿಗೆಯಲ್ಲಂತೂ ಪುಡಿ ಡಬ್ಬಿ ತೆರೆಯುವಷ್ಟರಲ್ಲಿ ಆರಿರುತ್ತದೆ. ನಿಧಾನವಾಗಿ ಆರುವ ಪಿಗ್ಮೆಂಟ್ ಇಂಕು ತರಿಸಿ. ಇಲ್ಲವೇ ಔಷಧ ಅಂಗಡಿಯ ಗ್ಲಿಸರಿನ್ ನಾಲ್ಕು ಹನಿಯನ್ನು ಸ್ಪಂಜಿಗೆ ಸವರಿ ಅದರ ಮೇಲೆ ಸೀಲು ಒತ್ತಿಕೊಳ್ಳಿ. ಹನಿ ಹೆಚ್ಚಾದರೆ ಅಕ್ಷರದ ಸುತ್ತ ಎಣ್ಣೆ ಕಲೆಯಂತೆ ವರ್ತುಲ ಉಳಿಯುತ್ತದೆ.

ಒಣ ಹವೆಯಲ್ಲಿ ಕಾಡುವ ಇನ್ನೊಂದು ಸಂಗತಿ ಸ್ಥಿರ ವಿದ್ಯುತ್ತು. ಕೊಡವಿದರೂ ಪುಡಿ ಬೇಡದ ಕಡೆಯೆಲ್ಲ ಅಂಟಿಕೊಂಡು, ಕರಗಿದ ಮೇಲೆ ಚುಕ್ಕೆ ಚುಕ್ಕೆಯಾಗಿ ಉಳಿಯುತ್ತದೆ. ಹಳೆಯ ಕಾಲ್ಚೀಲದಲ್ಲಿ ಎರಡು ಚಮಚ ಟಾಲ್ಕಂ ಪೌಡರ್ ಹಾಕಿ ಗಂಟು ಕಟ್ಟಿ, ಸೀಲು ಒತ್ತುವ ಮೊದಲು ಹಲಗೆಯ ಮೇಲೆ ಒಮ್ಮೆ ಒತ್ತಿ ಒರೆಸಿದರೆ ಈ ಕಾಟ ಇರುವುದಿಲ್ಲ.

ಫ್ಯಾನ್ ಆರಿಸಿ. ಗನ್ ಹಚ್ಚಿ ಹತ್ತು ಸೆಕೆಂಡು ಬೇರೆಡೆ ಹಿಡಿದು ಕಾಯಲು ಬಿಡಿ. ಆಮೇಲೆ ಕಾಗದದಿಂದ 4–5 ಸೆಂ.ಮೀ. ಮೇಲೆ ಓರೆಯಾಗಿ ಹಿಡಿದು ಸಾಗಿಸಿ. ಮಂಕಾಗಿ ಮರಳಿನಂತಿದ್ದ ಪುಡಿ ಒಂದು ಕ್ಷಣದಲ್ಲಿ ನೀರು ಹರಿದಂತೆ ಹೊಳೆದು ನುಣುಪಾಗುತ್ತದೆ. ಹೊಳಪು ಕಂಡ ಕೂಡಲೇ ಗನ್ ಮುಂದಕ್ಕೆ ಸರಿಯಬೇಕು. ಅಲ್ಲೇ ನಿಂತರೆ ಪುಡಿ ಕಾಗದದೊಳಕ್ಕೆ ಇಂಗಿ ಉಬ್ಬು ಹೋಗಿ ಎಣ್ಣೆ ಹಚ್ಚಿದಂತಾಗುತ್ತದೆ. ಬೇಗ ಸರಿದರೆ ಕಿತ್ತಳೆ ಸಿಪ್ಪೆಯಂತೆ ತರಿತರಿ. ಕೂದಲು ಒಣಗಿಸುವ ಡ್ರೈಯರಿನಿಂದ ಇದು ಆಗುವುದಿಲ್ಲ. ಅದರಲ್ಲಿ ಗಾಳಿ ಜಾಸ್ತಿ, ಕಾವು ಕಡಿಮೆ, ಪುಡಿ ಹಾರಿಹೋಗುತ್ತದೆ. ಗನ್ ಇಲ್ಲದವರು ಇಸ್ತ್ರಿ ಪೆಟ್ಟಿಗೆಯನ್ನು ಕಾಯಿಸಿ ಮಗುಚಿ ಭದ್ರವಾಗಿ ನಿಲ್ಲಿಸಿ, ಹಲಗೆಯ ಹಿಂಬದಿಯನ್ನು ಚಿಮಟದಲ್ಲಿ ಹಿಡಿದು ಅದಕ್ಕೆ ಹತ್ತಿರ ತರಬಹುದು. ನಿಧಾನ, ಆದರೆ ಒಳ್ಳೆಯ ಫಲಿತಾಂಶ. ಮಕ್ಕಳ ಕೈಗಂತೂ ಕೊಡುವಂಥದ್ದಲ್ಲ.

ಗನ್ ಕೊಳ್ಳುವಾಗ ವ್ಯಾಟ್ ನೋಡಿ. ಬಣ್ಣ ಕೀಳಲು ಬಳಸುವ 1800 ವ್ಯಾಟಿನದು 230 ವೋಲ್ಟಿನಲ್ಲಿ ಸುಮಾರು 7.8 ಆಂಪಿಯರ್ ಎಳೆಯುತ್ತದೆ, ಮನೆಯ 6 ಆಂಪಿಯರ್ ಪ್ಲಗ್ಗಿಗೆ ಅದು ಹೊರೆ, 16 ಆಂಪಿಯರಿನದೇ ಬೇಕು. ಕ್ರಾಫ್ಟ್ ಕೆಲಸಕ್ಕೆಂದೇ ಬರುವ 300 ವ್ಯಾಟಿನದು ಒಂದೂಕಾಲು ಆಂಪಿಯರಿಗೆ ತುಸು ಹೆಚ್ಚು ಎಳೆಯುತ್ತದೆ, ಗಾಳಿಯೂ ಮೆಲ್ಲಗಿರುತ್ತದೆ. ಕಾರ್ಡಿಗೆ ಅದೇ ಸರಿ.

ಪೇಸ್ಟ್ ಹಚ್ಚಿ ಎಬ್ಬಿಸುವುದು: ಕಿನ್ನಾಳ ತೋರಿದ ದಾರಿ

ಕೊಪ್ಪಳದ ಪಕ್ಕದ ಕಿನ್ನಾಳದ ಬೊಂಬೆಗಳನ್ನು ಹತ್ತಿರದಿಂದ ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಹಗುರ ಮರದ ಆ ಬೊಂಬೆಗಳ ಮೈಮೇಲಿನ ಸರ, ಡಾಬು, ಕಿರೀಟದ ಹರಳು ಕೆತ್ತಿದವಲ್ಲ. ಕಲ್ಲಿನ ನುಣ್ಣನೆಯ ಪುಡಿಗೆ ಅಂಟು ಬೆರೆಸಿದ ಪೇಸ್ಟಿನಿಂದ ಮೇಲೆ ಎಬ್ಬಿಸಿದವು. ಭಾಗಗಳನ್ನು ಕೂಡಿಸಿ ಮೈ ತುಂಬಿಸುವ ‘ಕಿಟ್ಟ’ ಬೇರೆ. ಅದಕ್ಕೆ ನೆನೆಸಿ ಒಣಗಿಸಿ ಪುಡಿ ಮಾಡಿದ ಸೆಣಬಿನ ಚಿಂದಿ, ಕಟ್ಟಿಗೆಯ ಹೊಟ್ಟು, ಹುಣಸೆ ಬೀಜದ ಅಂಟು ಸೇರುತ್ತವೆ. ಪುಡಿ ಮತ್ತು ಅಂಟು ಸೇರಿ ಉಬ್ಬಾಗುವ ಈ ತತ್ತ್ವವೇ ಅಂಗಡಿಯಲ್ಲಿ ಟೆಕ್ಸ್ಚರ್ ಪೇಸ್ಟ್ ಎಂಬ ಹೆಸರಿನಲ್ಲಿ ಸಿಗುವುದು. ಅದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು.

ತೆಳು ಬಟ್ಟೆಯಲ್ಲಿ ಸೋಸಿದ ಸೀಮೆಸುಣ್ಣದ ಪುಡಿ ಅಥವಾ ಟಾಲ್ಕಂ ಪೌಡರ್ 4 ಚಮಚ, ಫೆವಿಕಾಲ್ 2 ಚಮಚ, ಬಿಳಿ ಅಕ್ರಿಲಿಕ್ ಬಣ್ಣ 1 ಚಮಚ. ಪುಡಿಯನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತ ಗಂಟಿಲ್ಲದಂತೆ ತಿರುವಿ, ಗಟ್ಟಿಯೆನಿಸಿದರೆ ಹನಿ ನೀರು ಹಾಕಿ. ಚಮಚದಲ್ಲಿ ಎತ್ತಿದರೆ ಗಟ್ಟಿ ಮೊಸರಿನಂತೆ ನಿಂತು, ಅಲುಗಿಸಿದಾಗ ಮಾತ್ರ ಬೀಳಬೇಕು. ತಾನೇ ಜಾರಿದರೆ ಸ್ಟೆನ್ಸಿಲ್ ಕೆಳಗೆ ನುಸುಳುತ್ತದೆ.

ಸ್ಟೆನ್ಸಿಲನ್ನು ಹಲಗೆಗೆ ನಾಲ್ಕೂ ಕಡೆ ಟೇಪ್ ಹಚ್ಚಿ. ಹಳೆಯ ಎಟಿಎಂ ಕಾರ್ಡಿನ ಅಂಚಿನಲ್ಲಿ ಪೇಸ್ಟ್ ತೆಗೆದುಕೊಂಡು ಓರೆ ಹಿಡಿದು ಒಂದೇ ದಿಕ್ಕಿಗೆ ಎಳೆಯಿರಿ. ಹಿಂದೆ ಮುಂದೆ ಎಳೆದಾಡಿದರೆ ಸೇತುವೆಗಳು ಮೇಲೆದ್ದು ಅಂಚು ಕಲಸುತ್ತದೆ. ಸ್ಟೆನ್ಸಿಲನ್ನು ಒಂದು ಬದಿಯಿಂದ ಪುಸ್ತಕದ ಪುಟ ತೆರೆದಂತೆ ಎತ್ತಿ ಕೂಡಲೇ ನೀರಿಗೆ ಹಾಕಿ. ಒಣಗಿದ ಮೇಲೆ ಸಣ್ಣ ತೂತುಗಳಲ್ಲಿ ಸಿಕ್ಕ ಪೇಸ್ಟ್ ಬಿಡುವುದಿಲ್ಲ.

ಹೆಚ್ಚು ಕಾರ್ಡು ಕೆಡುವುದು ಒಣಗಿಸುವಾಗ. ಬೇಗ ಒಣಗಲೆಂದು ಬಿಸಿಲಿಗೋ ಫ್ಯಾನ್ ಕೆಳಗೋ ಇಟ್ಟರೆ ಮೇಲ್ಪದರ ಮೊದಲು ಒಣಗಿ ಕುಗ್ಗುತ್ತದೆ, ಒಳಗಿನದು ಇನ್ನೂ ಹಸಿ, ಬೇಸಿಗೆಯ ಕೆರೆಯಂಗಳದಂತೆ ಬಿರುಕು ಬಿಡುತ್ತದೆ. ನೆರಳಲ್ಲಿ, ಮೇಲೊಂದು ರಟ್ಟಿನ ಪೆಟ್ಟಿಗೆ ಬೋರಲು ಹಾಕಿ ಒಣಗಿಸಿ. ಬಳ್ಳಾರಿ ಕಡೆಯ ಧೂಳಿನಿಂದಲೂ ರಕ್ಷಣೆ ಸಿಗುತ್ತದೆ. ಪದರ 1 ಮಿ.ಮೀ. ದಾಟದಿರಲಿ. ಹೆಚ್ಚು ಎತ್ತರ ಬೇಕಿದ್ದರೆ ಮೊದಲ ಪದರ ಪೂರ್ತಿ ಒಣಗಿದ ಮೇಲೆ ಸ್ಟೆನ್ಸಿಲನ್ನು ಅದೇ ಜಾಗದಲ್ಲಿ ಕೂರಿಸಿ ಎರಡನೆಯದು ಹಚ್ಚಿ. ಬಾಗಿಸಿದಾಗ ಪುಡಿ ಉದುರಿದರೆ ಅಂಟು ಕಡಿಮೆಯಾಗಿದೆ, ಮುಂದಿನ ಸಲ ಅರ್ಧ ಚಮಚ ಫೆವಿಕಾಲ್ ಸೇರಿಸಿ. ಹಲಗೆ ದೋಣಿಯಂತೆ ಬಾಗಿದರೆ ಹೆದರಬೇಡಿ. ಪೂರ್ತಿ ಒಣಗಿದ ಮೇಲೆ ಹಿಂಬದಿಗೆ ಒದ್ದೆ ಬಟ್ಟೆ ಒಮ್ಮೆ ಸವರಿ, ಉಬ್ಬು ಮೇಲಾಗಿ ಮೆತ್ತನೆಯ ಟವೆಲ್ ಮಡಿಕೆಗಳ ನಡುವೆ ಇಟ್ಟು ರಾತ್ರಿಯಿಡೀ ಹಗುರ ಭಾರ ಹೇರಿದರೆ ನೆಟ್ಟಗಾಗುತ್ತದೆ.

ಗೋಡೆಯ ಪುಟ್ಟಿ ಉಳಿದಿದೆ, ಅದನ್ನೇ ಹಚ್ಚಬಹುದೇ ಎಂದು ಕೇಳುವವರಿದ್ದಾರೆ. ಬಿಳಿ ಸಿಮೆಂಟಿನ ಪುಟ್ಟಿ ಗೋಡೆಯ ಮೇಲೆ ನಿಲ್ಲುತ್ತದೆ, ಬಾಗುವ ಕಾಗದದ ಮೇಲೆ ಚಕ್ಕೆ ಏಳುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಬೇಗ ಗಟ್ಟಿಯಾಗುತ್ತದೆ ಎಂಬುದೊಂದೇ ಅನುಕೂಲ, ಅಂಚೆಯಲ್ಲಿ ಒಡೆಯದೆ ಹೋಗುವುದು ಅಪರೂಪ. ಹುಣಸೆ ಬೀಜದ ಅಂಟು ಅಪ್ಪಟ ಸಂಪ್ರದಾಯ, ಕೈಗೂ ಹಿತ. ಆದರೆ ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ, ಬೆಳ್ಳಿಮೀನು ಹುಳಕ್ಕೂ ಇಷ್ಟ. ವರ್ಷಗಟ್ಟಲೆ ಇಟ್ಟುಕೊಳ್ಳುವ ಕಾರ್ಡಿಗೆ ಫೆವಿಕಾಲೇ ಸೂಕ್ತ.

ರಂಗೋಲಿ ಪುಡಿಯನ್ನು ಇಲ್ಲಿ ಮರೆಯಬಾರದು. ಪೇಸ್ಟಿನ 4 ಚಮಚ ಪುಡಿಯಲ್ಲಿ 2 ಚಮಚ ರಂಗೋಲಿ ಪುಡಿ ಸೇರಿಸಿದರೆ ತರಿಯಾದ ಮೈ ಬರುತ್ತದೆ. ಬೂದು, ಕಂದು, ಚೂರು ಗುಲಾಬಿ ಬಣ್ಣ ಬೆರೆಸಿ ಬೆರಳ ತುದಿಯಿಂದ ತಟ್ಟಿ ಹಚ್ಚಿ, ಒಣಗಿದ ಮೇಲೆ ಒಣ ಕುಂಚದಲ್ಲಿ ಬಿಳಿ ಬಣ್ಣವನ್ನು ಏರುಗಳ ಮೇಲೆ ಮಾತ್ರ ಸವರಿದರೆ ಆನೆಗುಂದಿಯ ಬಂಡೆಗಳು ಕಾರ್ಡಿನ ಮೇಲೆ ಎದ್ದು ಕೂರುತ್ತವೆ. ಸಿದ್ಧ ಫೋಲ್ಡರಿನಲ್ಲಿ ಇದು ಎಂದಿಗೂ ಬರುವುದಿಲ್ಲ.

ಇದೇ ಪೇಸ್ಟನ್ನು ತರಿಯಿಲ್ಲದಂತೆ ಸೋಸಿ, ತುಸು ತೆಳ್ಳಗೆ ಮಾಡಿ, ಮದರಂಗಿ ಕೋನಿನಂತೆ ಸುತ್ತಿದ ಪ್ಲಾಸ್ಟಿಕ್ ಹಾಳೆಗೆ ತುಂಬಿದರೆ ಸ್ಟೆನ್ಸಿಲ್ ಹಂಗಿಲ್ಲದೆ ಬಳ್ಳಿ, ಚುಕ್ಕಿ, ಅಕ್ಷರ ಎಳೆಯಬಹುದು. ಮದರಂಗಿ ಹಾಕಿ ಪಳಗಿದ ಕೈಗೆ ಇದು ಅರ್ಧ ದಿನದ ಅಭ್ಯಾಸ. ಈದ್ ಕಾರ್ಡಿನ ಜಾಲಂಧ್ರ ವಿನ್ಯಾಸಕ್ಕೆ ಇದಕ್ಕಿಂತ ಚೆಂದದ ವಿಧಾನವಿಲ್ಲ. ತುದಿಯನ್ನು 1 ಮಿ.ಮೀ.ಗಿಂತ ಹೆಚ್ಚು ಕತ್ತರಿಸಬೇಡಿ. ಗೆರೆ ಎಳೆಯುವಾಗ ತುದಿ ಕಾಗದಕ್ಕೆ ತಾಗದೆ ಎಳೆ ಮೇಲಿನಿಂದ ಇಳಿದು ಕೂರಬೇಕು, ತಾಗಿಸಿ ಎಳೆದರೆ ಗೆರೆ ಚಪ್ಪಟೆಯಾಗುತ್ತದೆ. ನಡುನಡುವೆ ಗೆರೆ ತುಂಡಾದರೆ ಒಳಗೆ ಗಾಳಿಗುಳ್ಳೆ ಸೇರಿದೆ, ಕೋನನ್ನು ತುದಿ ಕೆಳಗಾಗಿ ಹಿಡಿದು ಮೇಜಿಗೆ ಕುಟ್ಟಿ ಮೇಲಕ್ಕೆ ತನ್ನಿ.

ಬಟ್ಟೆ, ನಾರು, ದಾರ

ಜೀನ್ಸ್ ತುಂಡಿನ ಸೊಗಸು ಅದರ ನೇಯ್ಗೆಯಲ್ಲಿದೆ. ಹಾಸಿನ ಎಳೆ ನೀಲಿ, ಹೊಕ್ಕಿನ ಎಳೆ ಬಿಳಿ. ಅಂಚಿನ ನೀಲಿ ಎಳೆಗಳನ್ನು ಸೂಜಿಯಿಂದ 5 ಮಿ.ಮೀ.ವರೆಗೆ ಬಿಡಿಸಿ ತೆಗೆದರೆ ಬಿಳಿ ಕುಚ್ಚು ಉಳಿಯುತ್ತದೆ. ಕತ್ತರಿಸಿದ ಅಂಚು ಬಿಡಬಾರದೆಂದರೆ ಓರೆಗೆ ಕತ್ತರಿಸಿ. ಫೆವಿಕಾಲನ್ನು ಬಟ್ಟೆಗೆ ಹಚ್ಚದೆ ಕಾಗದಕ್ಕೆ ತೆಳುವಾಗಿ ಸವರಿ, ಎರಡು ನಿಮಿಷ ಬಿಟ್ಟು ಕೂರಿಸಿ. ಹಸಿ ಅಂಟಿನ ಮೇಲೆ ಕೂರಿಸಿದರೆ ನೀಲಿ ಬಣ್ಣ ಕಾಗದಕ್ಕೆ ಇಳಿಯುತ್ತದೆ.

ಆನೆಗುಂದಿಯಲ್ಲಿ ಹೆಣ್ಣುಮಕ್ಕಳು ಬಾಳೆ ನಾರಿನಿಂದ ಚೀಲ, ಚಾಪೆ ಹೆಣೆಯುತ್ತಾರೆ. ಅದೇ ನಾರಿನ ಎಳೆಗಳನ್ನು ಸೀಳಿ ಕಂತೆಯಾಗಿ ಕಟ್ಟಿದರೆ ಕಬ್ಬಿನ ಜಲ್ಲೆ, ತೆನೆ, ಬಾಳೆಗೊನೆಯ ಕಂಬ ಆಗುತ್ತವೆ. ಸಂಕ್ರಾಂತಿ ಕಾರ್ಡಿಗೆ ಹೇಳಿ ಮಾಡಿಸಿದ ಸಾಮಗ್ರಿ.

ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತು (ಜಿ.ಐ. ಟ್ಯಾಗ್) ಇದೆ. ಆ ಕೆಲಸದ ಗಾತ್ರ, ಹೊಲಿಗೆಯ ದಟ್ಟಣೆ ಬಟ್ಟೆಗೇ ಸರಿ. ಕಾಗದದ ಮೇಲೆ ಅದನ್ನು ಹಾಗೇ ಇಳಿಸಲು ಹೋದರೆ ಕಾಗದ ಅಂಚೆಚೀಟಿಯ ಅಂಚಿನಂತೆ ಹರಿದು ಬರುತ್ತದೆ. ತೂತುಗಳ ನಡುವೆ 3 ಮಿ.ಮೀ. ಇರಲೇಬೇಕು. ಮೊದಲು ಜೀನ್ಸ್ ಮಡಿಕೆಯ ಮೇಲಿಟ್ಟು ಎಲ್ಲ ತೂತನ್ನೂ ಮುಂಭಾಗದಿಂದ ಚುಚ್ಚಿ, ಆಮೇಲೆ ಎರಡೆಳೆಯ ಕಸೂತಿ ದಾರದಲ್ಲಿ ಹೊಲಿಯಿರಿ. ಗಂಟು ಹಾಕುವ ಬದಲು ದಾರದ ತುದಿಯನ್ನು ಹಿಂದೆ ಟೇಪಿನಿಂದ ಹಚ್ಚಿದರೆ ಹಲಗೆ ಮಟ್ಟಸವಾಗಿ ಕೂರುತ್ತದೆ. ಒಂದು ಸಾಲು ಹೊಲಿಗೆ, ನಡುವೆ ಒಂದೆರಡು ಕನ್ನಡಿ ಬಿಲ್ಲೆ, ಅಷ್ಟು ಸಾಕು. ಕನ್ನಡಿ ಇರುವ ಕಾರ್ಡನ್ನು ಕೈಯಲ್ಲೇ ಕೊಡಿ.

ನೂರಕ್ಕಿಂತ ಹೆಚ್ಚು ಬೇಕಾದರೆ

ಮದುವೆ, ಗೃಹಪ್ರವೇಶ, ಸಂಘದ ವಾರ್ಷಿಕೋತ್ಸವಕ್ಕೆ ನೂರಿನ್ನೂರು ಬೇಕೆಂದರೆ ಕೈಕೆಲಸದ ಹಟ ಬೇಡ. ಲಗ್ನಪತ್ರಿಕೆಯ ಪ್ರೆಸ್‌ನಲ್ಲಿ ಲೋಹದ ಬ್ಲಾಕ್ ಮಾಡಿಸಿ ಉಬ್ಬು ಹಾಕಿಸಬಹುದು. ಬ್ಲಾಕಿನ ಖರ್ಚು ಒಂದೇ ಸಲ, ಹತ್ತು ಕಾರ್ಡಿಗೆ ಹಂಚಿದರೆ ದುಬಾರಿ, ಇನ್ನೂರಕ್ಕೆ ಹಂಚಿದರೆ ಹಗುರ. ಗೆರೆಗಳು 0.5 ಮಿ.ಮೀ.ಗಿಂತ ತೆಳ್ಳಗಿರದಂತೆ ಚಿತ್ರ ಬರೆದುಕೊಡಿ, ಒತ್ತಕ್ಷರಗಳ ಸಂದಿ ತೆರೆದಿರುವ ಅಕ್ಷರಶೈಲಿ ಆರಿಸಿ. ಪೂರ್ತಿ ಹಾಕುವ ಮೊದಲು ನಿಮ್ಮದೇ ಕಾಗದದ ಮೇಲೆ ಒಂದು ಮಾದರಿ ಒತ್ತಿಸಿ ನೋಡಿ. ಉಬ್ಬು ಪ್ರೆಸ್‌ನಲ್ಲಿ ಆದರೂ ಮೇಲಿನ ಒಂದು ಕುಚ್ಚು, ಒಂದು ಎಳೆ ಬಾಳೆ ನಾರು ಕೈಯಿಂದ ಸೇರಿಸಿದರೆ ಕಾರ್ಡು ಮತ್ತೆ ಕೈಯದೇ ಆಗುತ್ತದೆ.

ಹಾಗಾದರೆ ಯಾವುದು?

ಮನೆಯವರಿಗೆ, ಗೆಳೆಯರಿಗೆ ಹತ್ತರೊಳಗೆ ಸಾಕೆಂದರೆ ಕೈಯಿಂದ ಒತ್ತುವ ಉಬ್ಬು, ಹ್ಯಾಂಡ್‌ಮೇಡ್ ಕಾಗದ. ಯುಗಾದಿ ಕಾರ್ಡನ್ನು ಒಣ ಹವೆಯಲ್ಲೇ ಮಾಡಬೇಕಾದ್ದರಿಂದ ಕಾಗದವನ್ನು ತೇವದ ಡಬ್ಬಿಯಲ್ಲಿಟ್ಟು ಇದೇ ವಿಧಾನ ಹಿಡಿಯುವುದು ಒಳ್ಳೆಯದು. ಪೇಸ್ಟ್ ಬೇಕೇ ಬೇಕೆಂದರೆ ಬೆಳಗಿನ ತಂಪಲ್ಲಿ ಹಚ್ಚಿ. ಸಂಕ್ರಾಂತಿಗೆ ಹವೆ ಹದವಾಗಿರುತ್ತದೆ, ಪೇಸ್ಟ್, ನಾರು, ಯಾವುದಾದರೂ ನಡೆಯುತ್ತದೆ. ಮಳೆಗಾಲದಲ್ಲಿ ಪೇಸ್ಟ್ ಒಣಗಲು ಇಡೀ ರಾತ್ರಿ ಬಿಡಬೇಕು, ಪುಡಿ ಕರಗಿಸುವ ಕೆಲಸಕ್ಕೆ ಆಗ ಸ್ಥಿರ ವಿದ್ಯುತ್ತಿನ ಕಾಟ ಕಡಿಮೆ. ಜಾತ್ರೆ, ಉತ್ಸವದ ಮಳಿಗೆಗೆ ಐವತ್ತು ಅರವತ್ತು ಮಾಡುವವರು ಒಂದೇ ಸ್ಟೆನ್ಸಿಲ್, ಒಂದೇ ಬಟ್ಟಲು ಪೇಸ್ಟಿನಿಂದ ಸಾಲಾಗಿ ಹಚ್ಚುತ್ತ ಹೋದರೆ ಒಂದು ದಿನದ ಕೆಲಸ. ಯಂತ್ರ ಕೊಳ್ಳುವುದಕ್ಕೆ ಮೊದಲು ಇದನ್ನು ಮಾಡಿ ನೋಡಿ. ಮಕ್ಕಳೊಂದಿಗೆ ಮಾಡುವುದಾದರೆ ರಂಗೋಲಿ ಅಚ್ಚು ಮತ್ತು ಹೆಣಿಗೆ ಕಡ್ಡಿ ಸಾಕು, ಶಾಲೆಯ ಬೆಂಚಿನ ಮೇಲೂ ಆಗುತ್ತದೆ. ಒಂದೇ ಕಾರ್ಡಿನಲ್ಲಿ ಎರಡು ವಿಧಾನ ಬೆರೆಸಬಹುದು, ಮೂರು ಬೇಡ. ಬೆರೆಸುವಾಗ ಕಾವಿನ ಕೆಲಸ ಮೊದಲು, ಒತ್ತುವುದು ಆಮೇಲೆ, ಅಂಟಿಸುವುದು ಕೊನೆಗೆ. ಈ ಕ್ರಮ ತಪ್ಪಿದರೆ ಒತ್ತಿ ಎಬ್ಬಿಸಿದ ಎಸಳು ಗನ್ನಿನ ಬಿಸಿಗೆ ಸಡಿಲಾಗಿ ಕುಸಿಯುತ್ತದೆ.

ಅಂಚೆಗೆ ಹಾಕುವವರು ತೂಕದ ಲೆಕ್ಕ ಮೊದಲೇ ಹಾಕಿಕೊಳ್ಳಿ. ಸಾದಾ ಪತ್ರಕ್ಕೆ ದರ ಏರುವುದು 20 ಗ್ರಾಂಗೊಂದು ಹಂತದಂತೆ. 250 ಜಿ.ಎಸ್.ಎಂ.ನ ಮಡಚಿದ ಕಾರ್ಡು 7.8 ಗ್ರಾಂ, ಅದೇ ಕಾಗದದ ಹಲಗೆ 3.3 ಗ್ರಾಂ, ಲಕೋಟೆ ನಾಲ್ಕೈದು ಗ್ರಾಂ. ಅಲಂಕಾರಕ್ಕೆ ಉಳಿಯುವುದು ನಾಲ್ಕು ಗ್ರಾಂ ಮಾತ್ರ. 5 ಸೆಂ.ಮೀ. ಚೌಕದ ಜೀನ್ಸ್ ತುಂಡು ಸುಮಾರು 1 ಗ್ರಾಂ. 20 ಚದರ ಸೆಂ.ಮೀ. ಜಾಗದಲ್ಲಿ 1 ಮಿ.ಮೀ. ಪೇಸ್ಟ್ ಹಚ್ಚಿದರೆ ಹತ್ತಿರ ಹತ್ತಿರ 3 ಗ್ರಾಂ. ಒತ್ತಿದ ಉಬ್ಬಿಗೆ ಏನೂ ಇಲ್ಲ. ಕಿರಾಣಿ ಅಂಗಡಿಯ ತಕ್ಕಡಿ ಇಷ್ಟು ಸಣ್ಣ ತೂಕ ಸರಿಯಾಗಿ ಹೇಳದು, ಅಕ್ಕಸಾಲಿಗರ ಬಳಿ ತೂಗಿಸಿ. ಮೇಣದ ಮುದ್ರೆ, ಗ್ಲೂ ಗನ್ನಿನ ಅಂಟು ಅಂಚೆ ಕಾರ್ಡಿಗೆ ಬೇಡ, ಮೇ ತಿಂಗಳ ಬಿಸಿಲಲ್ಲಿ ನಿಂತ ಕೆಂಪು ಡಬ್ಬಿಯೊಳಗೆ ಅವು ಮೆತ್ತಗಾಗುತ್ತವೆ. ಉಬ್ಬಿನ ಎತ್ತರಕ್ಕಿಂತ ತುಸು ದಪ್ಪದ ರಟ್ಟನ್ನು ಲಕೋಟೆಯ ಅಳತೆಗೆ ಕತ್ತರಿಸಿ, ನಡುವೆ ಉಬ್ಬಿರುವ ಜಾಗಕ್ಕೆ ಕಿಟಕಿ ತೆಗೆದು ಕಾರ್ಡಿನ ಮುಂದೆ ಇಡಿ. ಅದರ ತೂಕವೂ ಸೇರಿ ಮುಂದಿನ ಹಂತಕ್ಕೆ ಹೋದರೆ ಇನ್ನೊಂದು ಅಂಚೆಚೀಟಿ ಹಚ್ಚಿ, ಲಕೋಟೆಯನ್ನು ಡಬ್ಬಿಗೆ ಹಾಕದೆ ಕೌಂಟರಿನಲ್ಲೇ ಕೊಟ್ಟು ಮುದ್ರೆಯನ್ನು ಕೈಯಿಂದ ಹಗುರಾಗಿ ಒತ್ತಲು ಕೇಳಿಕೊಳ್ಳಿ.